ಜಾರದ ಬಟ್ಟೆ: ಕಾಕತಿಯ ಕಚ್ಚೆಯಿಂದ ಟರ್ಕಿ ಟವೆಲಿನವರೆಗೆ



ಸ್ನಾನ ಮುಗಿಸಿ, ಸೊಂಟಕ್ಕೆ ಟವೆಲು ಸುತ್ತಿಕೊಂಡು ಬಚ್ಚಲಿನಿಂದ ಹೊರಬರುವಾಗ ನಿಮ್ಮ ಒಂದು ಕೈ ಎಲ್ಲಿರುತ್ತದೆ ಎಂಬುದನ್ನು ಗಮನಿಸಿದ್ದೀರಾ? ಟವೆಲಿನ ತುದಿ ಸಿಕ್ಕಿಸಿದ ಜಾಗದ ಮೇಲೆಯೇ ಇರುತ್ತದೆ. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಅದು ಸಡಿಲವಾಗುತ್ತದೆ. ಬಗ್ಗಿದರಂತೂ ಕೇಳುವುದೇ ಬೇಡ.

ಈಗ ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರ ಹಿರಿಯ ರೈತರನ್ನು ನೆನೆಯಿರಿ. ಬೆಳಿಗ್ಗೆ ಉಟ್ಟ ಧೋತರದಲ್ಲಿಯೇ ಅವರು ಎತ್ತು ಹೂಡುತ್ತಾರೆ, ಸೈಕಲ್ ತುಳಿಯುತ್ತಾರೆ, ಸಂತೆಗೆ ಹೋಗಿ ಬರುತ್ತಾರೆ. ಅವರ ಮನೆಯ ಅಜ್ಜಿ ಹದಿನೆಂಟು ಮೊಳದ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಕಳೆ ಕೀಳುತ್ತಾರೆ, ಕಣದಲ್ಲಿ ರಾಶಿ ತೂರುತ್ತಾರೆ. ಇಬ್ಬರ ಉಡುಗೆಯಲ್ಲಿಯೂ ಗುಂಡಿಯಿಲ್ಲ, ಕೊಂಡಿಯಿಲ್ಲ, ಹೊಲಿಗೆಯಿಲ್ಲ. ಸಂಜೆಯವರೆಗೂ ಅದು ಇದ್ದಲ್ಲಿಯೇ ಇರುತ್ತದೆ.

ಟವೆಲು, ಧೋತರ, ಸೀರೆ ಇವೆಲ್ಲವೂ ಆಯತಾಕಾರದ, ಹೊಲಿಯದ ಅರಿವೆಗಳೇ. ಆದರೆ ಒಂದು ಜಾರುತ್ತದೆ, ಉಳಿದವು ಜಾರುವುದಿಲ್ಲ. ಏಕೆ? ಈ ಪ್ರಶ್ನೆ ಕೇಳಿದರೆ ನಗು ಬರಬಹುದು. ಆದರೆ ಇದರ ಉತ್ತರದಲ್ಲಿ ನಮ್ಮ ನಾಡಿನ ಚರಿತ್ರೆಯ ಒಂದು ಮುಖ್ಯವಾದ ಭಾಗವಿದೆ. ಬಟ್ಟೆ ಮೈಮೇಲೆ ಭದ್ರವಾಗಿ ನಿಂತರೆ ಎರಡೂ ಕೈಗಳು ಕೆಲಸಕ್ಕೆ ಸಿಗುತ್ತವೆ. ಎರಡೂ ಕೈಗಳು ಸಿಕ್ಕವರು ಗದ್ದೆ ನೆಡಬಲ್ಲರು, ಮರ ಹತ್ತಬಲ್ಲರು, ಕುದುರೆ ಏರಬಲ್ಲರು.

ಉಡು, ತೊಡು, ಹೊದೆ

ಮೊದಲು ನಮ್ಮ ಭಾಷೆಯನ್ನೇ ಕೇಳೋಣ. ಸೀರೆಯನ್ನು, ಧೋತರವನ್ನು ನಾವು ‘ಉಡುತ್ತೇವೆ’. ಅಂಗಿಯನ್ನು ‘ತೊಡುತ್ತೇವೆ’. ಕಂಬಳಿಯನ್ನು, ಶಾಲನ್ನು ‘ಹೊದೆಯುತ್ತೇವೆ’. ಅಂಗಿಯನ್ನು ಉಟ್ಟೆ ಎಂದರೆ ಕಿವಿಗೆ ಹಿತವೆನಿಸುವುದಿಲ್ಲ. ಸೊಂಟದ ಸುತ್ತ ಸುತ್ತಿ ನಿಲ್ಲಿಸುವ ಬಟ್ಟೆಗೆ ಒಂದು ಕ್ರಿಯಾಪದ, ಮೈಯನ್ನು ಒಳಗೆ ತೂರಿಸುವ ಬಟ್ಟೆಗೆ ಇನ್ನೊಂದು, ಮೇಲಿನಿಂದ ಮುಚ್ಚಿಕೊಳ್ಳುವ ಬಟ್ಟೆಗೆ ಮತ್ತೊಂದು. ಬಟ್ಟೆ ಮೈಮೇಲೆ ನಿಲ್ಲುವ ಬಗೆ ಯಾವುದು ಎಂಬುದನ್ನು ಕನ್ನಡ ಕ್ರಿಯಾಪದದಲ್ಲಿಯೇ ಹೇಳಿಬಿಡುತ್ತದೆ.

ಉಡು ಎಂಬುದರ ಬಳಗ ದೊಡ್ಡದು. ಉಡುಗೆ, ಉಡುಪು, ಉಡುದಾರ, ಉಡಿ. ಉತ್ತರ ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಉಡಿ ತುಂಬುವ ಪದ್ಧತಿ ನಿಮಗೆ ಗೊತ್ತು. ಸೊಂಟದ ಬಳಿ ಸೀರೆಯ ಮಡಿಕೆ ಚೀಲದಂತೆ ಆದಾಗ ಅದೇ ಉಡಿ. ಬಿಡಿಸಿದ ಹತ್ತಿ, ಕಿತ್ತ ಶೇಂಗಾ, ಆಯ್ದ ಸೊಪ್ಪು ಎಲ್ಲವೂ ಅದರಲ್ಲಿ ಕೂಡುತ್ತವೆ. ಹಾಗೆ ಭಾರ ತುಂಬಿದಾಗಲೂ ಸೀರೆ ಕಳಚಿ ಬೀಳಬಾರದು ಎಂದರೆ ಅದನ್ನು ಉಟ್ಟಿರುವ ರೀತಿ ಎಷ್ಟು ಗಟ್ಟಿಯಾಗಿರಬೇಕು ಎಂಬುದನ್ನು ಯೋಚಿಸಿ. ಒಂದು ಕೆಲಸಕ್ಕೆ ಸಿದ್ಧರಾದವರನ್ನು ‘ಟೊಂಕ ಕಟ್ಟಿ ನಿಂತರು’ ಎನ್ನುತ್ತೇವೆ. ಬಟ್ಟೆಯನ್ನು ಭದ್ರಪಡಿಸಿಕೊಳ್ಳುವುದೇ ಕೆಲಸದ ಮೊದಲ ಹೆಜ್ಜೆ ಎಂಬ ಅನುಭವ ಈ ನುಡಿಗಟ್ಟಿನಲ್ಲಿದೆ.

ಟವೆಲು ಎಂಬ ಪದ ಮಾತ್ರ ಹೊರಗಿನಿಂದ ಬಂದದ್ದು. ಇಂಗ್ಲಿಷಿನ ಮೂಲಕ ಟವೆಲು, ಟಾವೆಲ್ಲು ಆಯಿತು. ಅದಕ್ಕೂ ಮೊದಲೇ ಗೋವೆಯ ಪೋರ್ಚುಗೀಸರ ‘ತೊಆಲ್ಯ’ ಎಂಬ ಶಬ್ದ ಪಶ್ಚಿಮ ಕರಾವಳಿಯ ಭಾಷೆಗಳಿಗೆ ಬಂದು ಟುವಾಲು ಎಂದಾಗಿತ್ತು. ಖಾನಾಪುರ ತಾಲೂಕಿನ ಗಡಿ ಗೋವೆಗೆ ತಗುಲಿಕೊಂಡೇ ಇದೆ. ಅದಕ್ಕೂ ಹಿಂದೆ ಮೈ ಒರೆಸುವ ಬಟ್ಟೆ, ಉಡುವ ಬಟ್ಟೆ ಎಂಬ ಭೇದ ಅಷ್ಟಾಗಿ ಇರಲಿಲ್ಲ. ತೆಳುವಾದ ಒಂದೇ ಪಂಚೆ ಮಿಂದಾಗ ಮೈ ಒರೆಸುತ್ತಿತ್ತು, ಮಿಂದ ಮೇಲೆ ಸೊಂಟಕ್ಕೆ ಉಡುಗೆಯಾಗುತ್ತಿತ್ತು, ಬಿಸಿಲಿಗೆ ತಲೆಯ ರುಮಾಲಾಗುತ್ತಿತ್ತು, ಸಂತೆಯಿಂದ ಬರುವಾಗ ಗಂಟಾಗುತ್ತಿತ್ತು.

ಕಾಕತಿಯ ಮಗಳು

ಬೆಳಗಾವಿಯಿಂದ ಉತ್ತರಕ್ಕೆ, ಪುಣೆ–ಬೆಂಗಳೂರು ಹೆದ್ದಾರಿಯ ಪಕ್ಕದಲ್ಲಿ ಕಾಕತಿ ಎಂಬ ಊರಿದೆ. 1778ರಲ್ಲಿ ಈ ಊರಿನ ದೇಸಾಯಿ ಮನೆತನದಲ್ಲಿ ಹುಟ್ಟಿದ ಹೆಣ್ಣುಮಗಳು ಮುಂದೆ ಕಿತ್ತೂರಿನ ಮಲ್ಲಸರ್ಜ ದೇಸಾಯಿಯವರನ್ನು ಮದುವೆಯಾಗಿ ರಾಣಿ ಚೆನ್ನಮ್ಮ ಎಂದು ಪ್ರಸಿದ್ಧರಾದರು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು, ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಹಿಡಿದದ್ದು, ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ತೀರಿಕೊಂಡದ್ದು ನಿಮ್ಮ ಪಠ್ಯದಲ್ಲಿದೆ. ಹೋರಾಟವನ್ನು ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದರು.

ಹುಬ್ಬಳ್ಳಿಯಲ್ಲಿ, ಬೆಳಗಾವಿಯಲ್ಲಿ, ಕಿತ್ತೂರಿನಲ್ಲಿ ಚೆನ್ನಮ್ಮನ ಪ್ರತಿಮೆಗಳನ್ನು ನೀವು ನೋಡಿರುತ್ತೀರಿ. ಕುದುರೆಯ ಮೇಲೆ ಕುಳಿತು ಖಡ್ಗ ಎತ್ತಿದ ರಾಣಿ. ಮುಂದಿನ ಸಲ ಆ ಪ್ರತಿಮೆಯ ಮುಖ ನೋಡಿದ ಮೇಲೆ ಸೀರೆಯನ್ನೂ ಒಂದು ಗಳಿಗೆ ನೋಡಿ. ಇಂದು ಕಾಲೇಜಿನ ಸಮಾರಂಭಗಳಿಗೆ ಉಡುವ ಆರು ವಾರದ ಸೀರೆಯಲ್ಲಿ ಹಾಗೆ ಕುದುರೆಯ ಎರಡೂ ಪಕ್ಕಕ್ಕೆ ಕಾಲು ಹಾಕಿ ಕುಳಿತುಕೊಳ್ಳಲು ಬರುವುದಿಲ್ಲ. ಕಚ್ಚೆ ಹಾಕಿದರೆ ಮಾತ್ರ ಅದು ಸಾಧ್ಯ. ಇದನ್ನೇ ಜನ ವೀರಗಚ್ಚೆ ಎಂದು ಕರೆದರು.

ಇಲ್ಲಿ ಇತಿಹಾಸದ ವಿದ್ಯಾರ್ಥಿಗಳು ಒಂದು ಎಚ್ಚರ ವಹಿಸಬೇಕು. ಪ್ರತಿಮೆ ಸಾಕ್ಷಿಯಲ್ಲ. ಛಾಯಾಚಿತ್ರಣ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ, ಚೆನ್ನಮ್ಮ ತೀರಿಕೊಂಡು ಹತ್ತು ವರ್ಷಗಳಾದ ಮೇಲೆ. ಇಂದಿನ ಪ್ರತಿಮೆಗಳೆಲ್ಲ 20ನೆಯ ಶತಮಾನದ ಮತ್ತು ಅನಂತರದ ಕಲಾವಿದರ ಕಲ್ಪನೆ. ದೂರದರ್ಶನಕ್ಕಾಗಿ ಐತಿಹಾಸಿಕ ರೂಪಕ ತಯಾರಿಸುವಾಗ ನಮಗೂ ಇದೇ ತೊಡಕು. ಪ್ರತಿಮೆ ನೋಡಿ ವೇಷ ಹೊಲಿಸಿದರೆ ಕಲ್ಪನೆಯ ಮೇಲೆ ಇನ್ನೊಂದು ಕಲ್ಪನೆ ಮಾಡಿದಂತಾಗುತ್ತದೆ. ಹಾಗಾದರೆ ಆಧಾರ ಯಾವುದು? ಒಂದು, ಶಿಲ್ಪ. ಬಾದಾಮಿಯ ಮೂರನೆಯ ಗುಹೆ ಕ್ರಿ.ಶ. 578ರದು. ಅಲ್ಲಿಯ ಮೂರ್ತಿಗಳ ಸೊಂಟವನ್ನು ನೋಡಿದರೆ ಕೆಳಉಡುಗೆಯನ್ನು ನಡುಪಟ್ಟಿಯಿಂದ ಬಿಗಿದಿರುವುದು ಕಾಣುತ್ತದೆ. ಎರಡು, ಬದುಕಿರುವ ಪದ್ಧತಿ. ಹೊಲದಲ್ಲಿ ದುಡಿಯುವ ಹಿರಿಯ ಹೆಂಗಸರು ಇಂದಿಗೂ ಕಚ್ಚೆ ಹಾಕುವುದನ್ನು ಬೆಳಗಾವಿ ಸೀಮೆಯಲ್ಲಿ ಕಾಣಬಹುದು. ಪುಸ್ತಕದಿಂದ ಕಲಿಯದೆ ತಾಯಿಯಿಂದ ಮಗಳಿಗೆ ಬಂದ ವಿದ್ಯೆ ಅದು.

ಮೂರು ಬಗೆಯ ಜಾರುವಿಕೆ

ಈಗ ನಮ್ಮ ಮೂಲ ಪ್ರಶ್ನೆಗೆ ಬರೋಣ. ಸೊಂಟಕ್ಕೆ ಸುತ್ತಿದ ಬಟ್ಟೆ ಮೂರು ರೀತಿಯಲ್ಲಿ ಕೈಕೊಡುತ್ತದೆ. ಕೆಳಗೆ ಜಾರುತ್ತದೆ. ಸೊಂಟದ ಸುತ್ತ ತಿರುಗುತ್ತದೆ. ಮುಂದೆ ಬಾಯಿ ಬಿಡುತ್ತದೆ.

ಕೆಳಗೆ ಜಾರುವುದನ್ನು ತಡೆಯಲು ನಿಸರ್ಗವೇ ಒಂದು ಸಹಾಯ ಮಾಡಿದೆ. ನಮ್ಮ ನಡುವಿಗಿಂತ ಕೆಳಗಿನ ಟೊಂಕದ ಭಾಗ ಅಗಲ. ನಡುವಿನಲ್ಲಿ ಬಿಗಿಯಾಗಿ ಕಟ್ಟಿದ್ದು ಸಡಿಲವಾಗದ ಹೊರತು ಟೊಂಕವನ್ನು ದಾಟಿ ಇಳಿಯಲಾರದು. ಎದೆಯ ಮಟ್ಟದಲ್ಲಿ ಸುತ್ತಿದ ಟವೆಲಿಗೆ ಈ ಅನುಕೂಲವಿಲ್ಲ. ಎದೆಯಿಂದ ನಡುವಿನ ಕಡೆಗೆ ಮೈ ಕಿರಿದಾಗುತ್ತ ಹೋಗುತ್ತದೆ. ಮೇಲಾಗಿ ಉಸಿರು ಎಳೆದಾಗ ಎದೆ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಪ್ರತಿ ಉಸಿರಿಗೂ ಸಿಕ್ಕಿಸಿದ ತುದಿ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತದೆ. ಹೊಳೆಯ ದಂಡೆಯಲ್ಲಿ ಮೀಯುವ ಹೆಂಗಸರು ಇದಕ್ಕೆ ಸರಳವಾದ ಉಪಾಯ ಕಂಡುಕೊಂಡಿದ್ದಾರೆ. ಲಂಗವನ್ನು ಎದೆಯ ಮೇಲಕ್ಕೆ ಏರಿಸಿ ಲಾಡಿಯನ್ನು ಗಂಟು ಹಾಕುತ್ತಾರೆ. ತುದಿ ಸಿಕ್ಕಿಸುವ ಮಾತೇ ಇಲ್ಲ. ಲಾಡಿ ಎಲ್ಲ ಕಡೆಯಿಂದಲೂ ಒಂದೇ ಸಮನಾಗಿ ಹಿಡಿಯುತ್ತದೆ.

ಎರಡನೆಯದು ತಿರುಗುವುದು. ಇದನ್ನು ತಡೆಯುವುದು ಘರ್ಷಣೆ. ಎತ್ತಿನ ಹಗ್ಗವನ್ನು ಗೂಟಕ್ಕೆ ಎರಡು ಮೂರು ಸುತ್ತು ಹಾಕಿ ತುದಿಯನ್ನು ಒಬ್ಬ ಹುಡುಗ ಹಿಡಿದುಕೊಂಡರೂ ಸಾಕು, ಎತ್ತು ಎಳೆದರೂ ಹಗ್ಗ ಕದಲುವುದಿಲ್ಲ. 18ನೆಯ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಇದರ ಲೆಕ್ಕವನ್ನು ಬಿಡಿಸಿದ. ಘರ್ಷಣೆಯ ಗುಣಾಂಕ 0.3 ಇದೆ ಎಂದಿಟ್ಟುಕೊಳ್ಳೋಣ. ಒಂದು ಸುತ್ತು ಹಾಕಿದರೆ ತುದಿಯಲ್ಲಿ ಹಿಡಿದ ಬಲದ ಸುಮಾರು ಆರೂವರೆ ಪಟ್ಟು ಎಳೆತವನ್ನು ತಡೆಯಬಹುದು. ಎರಡು ಸುತ್ತಿಗೆ ಅದು ಸುಮಾರು 43 ಪಟ್ಟು. ಮೂರು ಸುತ್ತಿಗೆ 285 ಪಟ್ಟು. ಸುತ್ತುಗಳು ಕೂಡುತ್ತ ಹೋದಂತೆ ಹಿಡಿತ ಗುಣಿಸುತ್ತ ಹೋಗುತ್ತದೆ. ಮನುಷ್ಯನ ಸೊಂಟ ಗೂಟದಷ್ಟು ಗಟ್ಟಿಯಲ್ಲ, ನಿಜ. ಆದರೂ ಒಂದು ಸುತ್ತಿನ ಟವೆಲಿಗೂ ಎರಡು ಸುತ್ತಿನ ಧೋತರಕ್ಕೂ ಇರುವ ಅಂತರ ಇದರಿಂದ ಅರ್ಥವಾಗುತ್ತದೆ.

ಮೂರನೆಯದು ಬಾಯಿ ಬಿಡುವುದು. ಅಂಗಡಿಯ ಸ್ನಾನದ ಟವೆಲು ಸಾಮಾನ್ಯವಾಗಿ 30 ಇಂಚು ಅಗಲ, 60 ಇಂಚು ಉದ್ದ. ಸೊಂಟದ ಸುತ್ತಳತೆ 32 ಇಂಚು ಇದ್ದವರಿಗೆ ಒಂದರ ಮೇಲೊಂದು ಬರುವ ಭಾಗ 28 ಇಂಚು. ಸುತ್ತಳತೆ 40 ಇಂಚು ಇದ್ದವರಿಗೆ ಉಳಿಯುವುದು 20 ಇಂಚು ಮಾತ್ರ. ದೊಡ್ಡ ಹೆಜ್ಜೆ ಹಾಕಿದಾಗ, ಮೆಟ್ಟಿಲು ಹತ್ತಿದಾಗ ತೊಡೆ ಬಟ್ಟೆಯನ್ನು ಮುಂದಕ್ಕೆ ತಳ್ಳುತ್ತದೆ. ಆ ಎಳೆತವೆಲ್ಲ ನೇರವಾಗಿ ಸಿಕ್ಕಿಸಿದ ತುದಿಯ ಮೇಲೆಯೇ ಬೀಳುತ್ತದೆ.

ಕಚ್ಚೆಯ ಜಾಣ್ಮೆ ಇರುವುದು ಇಲ್ಲಿಯೇ. ಧೋತರವನ್ನು ಮೊದಲು ಸೊಂಟಕ್ಕೆ ಸುತ್ತಿ ಬಿಗಿಯುತ್ತಾರೆ. ಮುಂದಿನ ಭಾಗವನ್ನು ನಿರಿಗೆ ಮಾಡಿ ಹೊಕ್ಕುಳಿನ ಬಳಿ ಸಿಕ್ಕಿಸುತ್ತಾರೆ. ಇನ್ನೊಂದು ತುದಿಯನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಒಯ್ದು, ಮಡಿಸಿ, ಬೆನ್ನ ಕೆಳಗೆ ಸೊಂಟದ ಸುತ್ತಿನೊಳಗೆ ತುರುಕುತ್ತಾರೆ. ಹೀಗೆ ಅಡ್ಡಲಾಗಿ ಒಂದು ಬಳೆ, ಉದ್ದಕ್ಕೆ ಒಂದು ಪಟ್ಟಿ ಆಯಿತು. ಅಡ್ಡ ಬಳೆ ಕೆಳಗಿಳಿಯದಂತೆ ಟೊಂಕ ತಡೆಯುತ್ತದೆ. ಅದು ಸುತ್ತ ತಿರುಗದಂತೆ, ಮೇಲಕ್ಕೇರದಂತೆ ಉದ್ದ ಪಟ್ಟಿ ತಡೆಯುತ್ತದೆ. ಬಟ್ಟೆ ಎರಡು ಕಾಲುಗಳಿಗೆ ಹಂಚಿಹೋದ್ದರಿಂದ ಬಾಯಿ ಬಿಡುವ ಪ್ರಶ್ನೆಯೇ ಉಳಿಯುವುದಿಲ್ಲ. ಮೂರು ತೊಂದರೆಗಳಿಗೆ ಒಂದೇ ಮಡಿಕೆಯಲ್ಲಿ ಉತ್ತರ.

ಇನ್ನು ನೂಲಿನ ಗುಣವನ್ನು ಮರೆಯಬಾರದು. ಬಲಿತ ಹತ್ತಿಯ ಎಳೆಯನ್ನು ನಿಮ್ಮ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ನೋಡಿ. ಅದು ಕೊಳವೆಯಂತೆ ದುಂಡಗಿರುವುದಿಲ್ಲ. ತಿರುಚಿದ ರಿಬ್ಬನ್ನಿನಂತೆ ಕಾಣುತ್ತದೆ. ಈ ತಿರುಚುಗಳಿಂದಾಗಿ ಎಳೆ ಎಳೆಯನ್ನು ಹಿಡಿದುಕೊಳ್ಳುತ್ತದೆ. ರೇಷ್ಮೆಯ, ಪಾಲಿಯೆಸ್ಟರಿನ ಎಳೆಗಳು ನುಣುಪು. ಮದುವೆ ಮನೆಯಲ್ಲಿ ರೇಷ್ಮೆ ಮಡಿ ಉಟ್ಟವರು ಮತ್ತೆ ಮತ್ತೆ ಸೊಂಟ ಮುಟ್ಟಿ ನೋಡಿಕೊಳ್ಳುವುದು ಸುಮ್ಮನೆ ಅಲ್ಲ. ಹತ್ತಿಗೆ ಇನ್ನೊಂದು ವಿಶೇಷವಿದೆ. ಒದ್ದೆಯಾದಾಗ ಅದರ ಬಲ ಕುಗ್ಗುವುದಿಲ್ಲ, ಹೆಚ್ಚುತ್ತದೆ. ಮಿಂದು ಉಡುವ ಬಟ್ಟೆಗೆ ಹತ್ತಿಗಿಂತ ತಕ್ಕ ನೂಲು ಸಿಗುವುದು ಕಷ್ಟ.

ಗದ್ದೆಯಲ್ಲಿ, ಗರಡಿಯಲ್ಲಿ

ಯಾವ ವಿನ್ಯಾಸವೂ ಕೆಲಸದ ಜಾಗದಲ್ಲಿ ಪರೀಕ್ಷೆಗೆ ಒಳಗಾಗಬೇಕು. ಕಾಕತಿಯಿಂದ ದಕ್ಷಿಣಕ್ಕೆ, ಬೆಳಗಾವಿಯನ್ನು ದಾಟಿ ಖಾನಾಪುರದ ಕಡೆ ಹೋದರೆ ಬಯಲು ಮುಗಿದು ಸಹ್ಯಾದ್ರಿಯ ಕಾಡು ಸುರುವಾಗುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿ ಇದೇ ತಾಲೂಕಿನಲ್ಲಿದೆ. ಅದು ಮಳೆಯ ನಾಡು, ಭತ್ತದ ನಾಡು. ನಾಟಿಯ ಕಾಲದಲ್ಲಿ ಹೆಂಗಸರು ಮೊಣಕಾಲು ಮಟ್ಟದ ಕೆಸರಿನಲ್ಲಿ ದಿನವಿಡೀ ಬಗ್ಗಿ ನಿಲ್ಲಬೇಕು. ಒಂದು ಕೈಯಲ್ಲಿ ಸಸಿಯ ಕಟ್ಟು, ಇನ್ನೊಂದು ಕೈ ನೆಡುವುದಕ್ಕೆ. ಸೀರೆ ಹಿಡಿದುಕೊಳ್ಳಲು ಮೂರನೆಯ ಕೈ ಇಲ್ಲ. ಕಚ್ಚೆ ಹಾಕಿ ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ ಸೀರೆ ಕೆಸರಿಗೂ ತಾಗದು, ಬಗ್ಗಿದರೂ ಸಡಿಲದು. ಮಳೆಗೆ ಕಂಬಳಿಯ ಕೊಪ್ಪೆ. ಚೌಕ ಕಂಬಳಿಯ ಒಂದು ಮೂಲೆಯನ್ನು ಒಳಕ್ಕೆ ಮಡಿಸಿ ತಲೆಗೆ ಟೊಪ್ಪಿಗೆಯಂತೆ ಹಾಕಿಕೊಂಡರೆ ಬೆನ್ನು ಪೂರ್ತಿ ಮುಚ್ಚುತ್ತದೆ, ಕೈಗಳೆರಡೂ ಬಿಡುವಾಗಿರುತ್ತವೆ. ಇಲ್ಲಿಯೂ ಹೊಲಿಗೆಯಿಲ್ಲ.

ಮಳೆನಾಡಿನಲ್ಲಿ ಹೊಲಿಯದ ಬಟ್ಟೆಗೆ ಇನ್ನೊಂದು ಬಲವಾದ ಕಾರಣವೂ ಉಂಟು. ಹೊಲಿಗೆಯ ಅಂಚು, ಮಡಿಕೆ, ಪಟ್ಟಿಗಳು ಕೊನೆಗೆ ಒಣಗುತ್ತವೆ. ಬಿಚ್ಚಿ ಹರಡಿದ ತೆಳು ಪಂಚೆ ಒಲೆಯ ಮೇಲಿನ ಹಗ್ಗದಲ್ಲಿ ಬೇಗ ಒಣಗುತ್ತದೆ. ಕಲ್ಲಿನ ಮೇಲೆ ಒಗೆದರೆ ಗುಂಡಿ ಒಡೆಯುವ, ಕೊಂಡಿ ತುಕ್ಕು ಹಿಡಿಯುವ ಚಿಂತೆಯಿಲ್ಲ.

ಬೆಳಗಾವಿ ಸೀಮೆ ಕುಸ್ತಿಗೂ ಹೆಸರಾದದ್ದು. ಗರಡಿಯ ಕೆಮ್ಮಣ್ಣಿನಲ್ಲಿ ಎದುರಾಳಿ ಸೊಂಟಕ್ಕೇ ಕೈ ಹಾಕುತ್ತಾನೆ. ಆಗಲೂ ಕಳಚದಂತೆ ನಿಲ್ಲುವುದು ಲಂಗೋಟ. ಅದರ ತತ್ತ್ವವೂ ಕಚ್ಚೆಯದೇ, ಅಡ್ಡಕ್ಕೊಂದು ಕಟ್ಟು, ಉದ್ದಕ್ಕೊಂದು ಪಟ್ಟಿ. ಇನ್ನೂ ಸರಳವಾದದ್ದು ಉಡುದಾರ. ದಾರ ಸದಾ ಮೈಮೇಲೆಯೇ ಇರುತ್ತದೆ, ಬಟ್ಟೆ ಮಾತ್ರ ಬದಲಾಗುತ್ತದೆ. ಹಿಡಿಯುವ ಅಂಗ ಬೇರೆ, ಮುಚ್ಚುವ ಅಂಗ ಬೇರೆ. ಇಂದಿನ ಪ್ಯಾಂಟಿನ ಬೆಲ್ಟಿನಲ್ಲಿ ಇರುವುದೂ ಇದೇ ವಿಚಾರ.

ಟರ್ಕಿ ಟವೆಲು ಬಂತು

ಹಾಗಾದರೆ ನಮ್ಮ ಬಚ್ಚಲಿನ ದಪ್ಪ ಟವೆಲು ಎಲ್ಲಿಂದ ಬಂತು? 1850ರ ಸುಮಾರಿಗೆ ಹೆನ್ರಿ ಕ್ರಿಸ್ಟಿ ಎಂಬ ಇಂಗ್ಲಿಷ್ ಪ್ರವಾಸಿ ಟರ್ಕಿ ದೇಶಕ್ಕೆ ಹೋಗಿದ್ದಾಗ ಅಲ್ಲಿಯ ಸ್ನಾನಗೃಹಗಳಲ್ಲಿ ಮೈತುಂಬ ನೂಲಿನ ಕುಣಿಕೆಗಳಿದ್ದ ಬಟ್ಟೆಯನ್ನು ಕಂಡ. ಅವನದು ಜವಳಿ ಉದ್ಯಮದ ಮನೆತನ. ಆ ಕುಣಿಕೆಗಳನ್ನು ಯಂತ್ರದಲ್ಲಿ ನೇಯುವ ಬಗೆಯನ್ನು ಅವರ ಕಾರ್ಖಾನೆಯ ಸ್ಯಾಮ್ಯುಯೆಲ್ ಹೋಲ್ಟ್ ಕಂಡುಹಿಡಿದ. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಈ ಟವೆಲುಗಳನ್ನು ಇಟ್ಟರು. ನಮ್ಮಲ್ಲಿ ಇವಕ್ಕೆ ಟರ್ಕಿ ಟವೆಲು ಎಂಬ ಹೆಸರು ನಿಂತಿತು.

ಕುಣಿಕೆಗಳಿಂದಾಗಿ ಬಟ್ಟೆಯ ಮೇಲ್ಮೈ ಹೆಚ್ಚಿತು, ನೀರು ಹೀರುವ ಶಕ್ತಿ ಹೆಚ್ಚಿತು. ಜೊತೆಗೆ ದಪ್ಪವೂ ಹೆಚ್ಚಿತು. ದಪ್ಪ ಬಟ್ಟೆ ಸುಲಭವಾಗಿ ಬಾಗುವುದಿಲ್ಲ. ಸಿಕ್ಕಿಸಿದ ತುದಿ ಸ್ಪ್ರಿಂಗಿನಂತೆ ಹಿಂದಕ್ಕೆ ಚಿಮ್ಮುತ್ತದೆ, ಗಂಟು ಹಾಕಲು ಉದ್ದ ಸಾಲದು. ನೀರು ಕುಡಿದ ಮೇಲೆ ಭಾರವೂ ಕೂಡುತ್ತದೆ. ಚೆನ್ನಾಗಿ ಒರೆಸುವ ಬಟ್ಟೆ ಚೆನ್ನಾಗಿ ನಿಲ್ಲುವುದಿಲ್ಲ. ಚೆನ್ನಾಗಿ ನಿಲ್ಲುವ ತೆಳು ಪಂಚೆ ಅಷ್ಟು ನೀರನ್ನು ಹೀರುವುದಿಲ್ಲ. ಒಂದೇ ಬಟ್ಟೆಗಿದ್ದ ಎರಡು ಕೆಲಸಗಳು ಇಲ್ಲಿ ಬೇರೆಯಾದವು.

ಈ ಕೊರತೆಯನ್ನು ನೀಗಲು ಟವೆಲಿಗೆ ಗುಂಡಿ, ಇಲಾಸ್ಟಿಕ್, ವೆಲ್ಕ್ರೋ ಇವೆಲ್ಲವನ್ನೂ ಹೊಲಿದು ನೋಡಿದ್ದಾರೆ. ವೆಲ್ಕ್ರೋದ ಕಥೆ ಸ್ವಾರಸ್ಯವಾಗಿದೆ. ಹೊಲದ ಬದುವಿನ ಮೇಲೆ ನಡೆದರೆ ಮುಳ್ಳುಬೀಜಗಳು ಬಟ್ಟೆಗೆ ಅಂಟಿಕೊಳ್ಳುತ್ತವಲ್ಲ? ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ದ ಮೆಸ್ತ್ರಾಲ್ 1941ರಲ್ಲಿ ತನ್ನ ನಾಯಿಯ ಮೈಗೆ ಅಂಟಿದ ಅಂಥ ಬೀಜಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ. ತುದಿಯಲ್ಲಿ ಸಣ್ಣ ಕೊಕ್ಕೆಗಳಿದ್ದವು. ಕೊಕ್ಕೆಯ ಪಟ್ಟಿ, ಕುಣಿಕೆಯ ಪಟ್ಟಿ ಎರಡನ್ನೂ ಮಾಡಿ ಅವನು 1955ರಲ್ಲಿ ಪೇಟೆಂಟ್ ಪಡೆದ. ಟವೆಲಿಗೆ ಇದು ಹೊಂದುತ್ತದೆ, ಆದರೆ ದೋಷವಿಲ್ಲದೆ ಅಲ್ಲ. ಒಗೆದಂತೆಲ್ಲ ಟವೆಲಿನ ನೂಲಿನ ಜುಂಗು ಕೊಕ್ಕೆಗಳಲ್ಲಿ ತುಂಬಿ ಹಿಡಿತ ಕಡಿಮೆಯಾಗುತ್ತದೆ. ಕೊಕ್ಕೆಗಳು ಟವೆಲಿನ ಕುಣಿಕೆಗಳನ್ನೇ ಹರಿಯುವುದೂ ಉಂಟು. ಇಲಾಸ್ಟಿಕ್ ಬಿಸಿನೀರಿಗೆ, ಬಿಸಿಲಿಗೆ ಬೇಗ ಸೋಲುತ್ತದೆ.

ಎರಡು ಸಾವಿರ ವಾರ ನೂಲು

ಭದ್ರತೆಯ ಜೊತೆಗೆ ಬೆಲೆಯ ಮಾತೂ ಇದೆ. ಒಂದು ಟವೆಲಿಗೆ ಎಷ್ಟು ನೂಲು ಬೇಕು, ಎಷ್ಟು ದುಡಿಮೆ ಬೇಕು? ಈ ಲೆಕ್ಕವನ್ನು ಇಡೀ ದೇಶದ ಮುಂದೆ ಇಟ್ಟ ಊರು ಬೆಳಗಾವಿಯೇ.

1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯ ಟಿಳಕವಾಡಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ನೀರಿಗಾಗಿ ಆಗ ತೋಡಿದ ಬಾವಿಯನ್ನು ಜನ ಇಂದಿಗೂ ಕಾಂಗ್ರೆಸ್ ಬಾವಿ ಎನ್ನುತ್ತಾರೆ. ಮೂರು ವರ್ಷ ಹಿಂದೆ, 1921ರ ಸೆಪ್ಟೆಂಬರಿನಲ್ಲಿ, ಮಧುರೆಯಲ್ಲಿ ಗಾಂಧೀಜಿ ಅಂಗಿ ಟೊಪ್ಪಿಗೆಗಳನ್ನು ಬಿಟ್ಟು ಮೊಣಕಾಲು ಮಟ್ಟದ ತುಂಡು ಪಂಚೆಗೆ ಇಳಿದಿದ್ದರು. ಅದಕ್ಕಿಂತ ಹೆಚ್ಚು ಬಟ್ಟೆ ಕೊಳ್ಳಲಾಗದ ಬಡವರ ಉಡುಗೆಯನ್ನೇ ಅವರು ತಮ್ಮದಾಗಿ ಮಾಡಿಕೊಂಡರು. ರೈತರು ಗದ್ದೆಗೆ ಉಡುತ್ತಿದ್ದ ಬಟ್ಟೆ ಹೀಗೆ ಬೆಳಗಾವಿಯಲ್ಲಿ ಅಧ್ಯಕ್ಷರ ಪೀಠದ ಮೇಲೆ ಕುಳಿತಿತು. 1931ರಲ್ಲಿ ಅದೇ ಉಡುಗೆಯಲ್ಲಿ ಅವರು ಲಂಡನ್ನಿನ ಅರಮನೆಯಲ್ಲಿ ದೊರೆ ಐದನೆಯ ಜಾರ್ಜ್ ಅವರನ್ನು ಕಂಡರು.

ಕಾಂಗ್ರೆಸ್ಸಿನ ಸದಸ್ಯರಾಗಲು ಹಣದ ಬದಲು ತಿಂಗಳಿಗೆ 2,000 ವಾರ ಕೈನೂಲನ್ನು ಕೊಡಬೇಕೆಂಬ ನಿಯಮಕ್ಕೆ ಬೆಳಗಾವಿ ಅಧಿವೇಶನ ಒಪ್ಪಿಗೆ ಕೊಟ್ಟಿತು. 1925ರಲ್ಲಿಯೇ ಅದು ಸಡಿಲಗೊಂಡರೂ ಲೆಕ್ಕ ಮಾತ್ರ ನಮಗೆ ಉಪಯುಕ್ತ. ಇಂಚಿಗೆ 40 ಎಳೆಗಳಂತೆ 30×60 ಇಂಚಿನ ಸಾದಾ ಟವೆಲು ನೇಯುತ್ತೇವೆ ಎಂದುಕೊಳ್ಳಿ. ಹಾಸಿಗೆ 30×40, ಅಂದರೆ 1,200 ಎಳೆ. ಒಂದೊಂದೂ 60 ಇಂಚು ಉದ್ದ. ಒಟ್ಟು 2,000 ವಾರ. ಹೊಕ್ಕಿಗೆ 60×40, ಅಂದರೆ 2,400 ಎಳೆ. ಒಂದೊಂದೂ 30 ಇಂಚು. ಇದೂ 2,000 ವಾರ. ಒಟ್ಟು 4,000 ವಾರ. ಒಬ್ಬ ಸದಸ್ಯ ಎರಡು ತಿಂಗಳು ಕೊಟ್ಟ ನೂಲು ಒಂದು ಟವೆಲಿಗೆ ಸರಿಹೋಯಿತು! ನಾಲ್ಕು ವಾರ ಉದ್ದ, 48 ಇಂಚು ಅಗಲದ ಧೋತರಕ್ಕಾದರೆ 15,360 ವಾರ, ಅಂದರೆ ಏಳೂವರೆ ತಿಂಗಳಿಗೂ ಹೆಚ್ಚಿನ ನೂಲು. ಇಷ್ಟು ದುಡಿದು ನೇಯ್ದ ಬಟ್ಟೆಯನ್ನು ಕತ್ತರಿಸಿ ಚೂರುಗಳನ್ನು ಬಿಸಾಡಲು ಯಾರಿಗೆ ಮನಸ್ಸಾದೀತು? ಹೊಲಿಯದ ಉಡುಗೆಯಲ್ಲಿ ಒಂದು ಎಳೆಯೂ ವ್ಯರ್ಥವಾಗುವುದಿಲ್ಲ.

ಬೆಳಗಾವಿ ತಾಲೂಕಿನ ಹುದಲಿಯನ್ನು ಖಾದಿಯ ಊರಾಗಿ ಬೆಳೆಸಿದವರು ಗಂಗಾಧರರಾವ್ ದೇಶಪಾಂಡೆ. 1937ರ ಏಪ್ರಿಲಿನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನಕ್ಕೆ ಗಾಂಧೀಜಿ ಅಲ್ಲಿಗೂ ಬಂದಿದ್ದರು. ನಗರದೊಳಗಿನ ಶಹಾಪುರ, ವಡಗಾವಿ, ಖಾಸಬಾಗಗಳು ಸೀರೆ ನೇಯುವ ನೇಕಾರರ ಓಣಿಗಳು. ಅಲ್ಲಿ ಇಂದು ಹೆಚ್ಚಾಗಿ ಕೇಳುವುದು ವಿದ್ಯುತ್ ಮಗ್ಗಗಳ ಸದ್ದು. ಕೈಮಗ್ಗದವರನ್ನು ಉಳಿಸಲೆಂದು 1985ರಲ್ಲಿ ಮಾಡಿದ ಮೀಸಲಾತಿ ಕಾಯಿದೆಯ ಪಟ್ಟಿಯಲ್ಲಿ ಸೀರೆ, ಧೋತರ, ಟವೆಲು, ಲುಂಗಿಗಳು ಸೇರಿವೆ. ನೋಡಿದಿರಾ? ಇವೆಲ್ಲವೂ ನಾವು ಉಡುವ, ಹೊಲಿಯದ ಬಟ್ಟೆಗಳೇ.

ಕಚ್ಚೆ ಬಿಟ್ಟ ಮೇಲೆ

19ನೆಯ ಶತಮಾನದ ಉತ್ತರಾರ್ಧದಲ್ಲಿ ಪೇಟೆಯ ಹೆಂಗಸರ ಉಡುಗೆ ಬದಲಾಗತೊಡಗಿತು. ಕಲ್ಕತ್ತೆಯ ಠಾಕೂರ್ ಮನೆತನದ ಸೊಸೆ ಜ್ಞಾನದಾನಂದಿನಿ ದೇವಿ ಮುಂಬಯಿಯ ಪಾರ್ಸಿ ಹೆಂಗಸರನ್ನು ನೋಡಿ ಲಂಗ, ರವಿಕೆಗಳ ಮೇಲೆ ಸೀರೆ ಉಡುವ ಹೊಸ ರೀತಿಯನ್ನು ರೂಢಿಗೆ ತಂದರು. ಹೊರಗೆ ಸಭೆ ಸಮಾರಂಭಗಳಿಗೆ ಹೋಗಲು ಹೆಂಗಸರಿಗೆ ಅದರಿಂದ ಅನುಕೂಲವಾಯಿತು. ಕ್ರಮೇಣ ದೇಶದ ಉದ್ದಗಲಕ್ಕೂ ಆರು ವಾರದ ಸೀರೆ ಹರಡಿತು. ಒಂಬತ್ತು ವಾರದ ಕಚ್ಚೆ ಸೀರೆ ಹಳ್ಳಿಗೆ, ಹೊಲಕ್ಕೆ, ಮದುವೆಯ ಶಾಸ್ತ್ರಕ್ಕೆ ಸರಿಯಿತು.

ಹೊಸ ರೀತಿಯಲ್ಲಿ ಸೀರೆ ತನ್ನನ್ನು ತಾನು ಹಿಡಿದು ನಿಲ್ಲುವುದಿಲ್ಲ. ಲಂಗದ ಲಾಡಿಯೇ ಆಧಾರ. ಅಗಲವಾದ ಸುತ್ತಿನ ಮೇಲೆ ಹಂಚಿಹೋಗುತ್ತಿದ್ದ ಭಾರ ಈಗ ಕಿರುಬೆರಳಿಗಿಂತ ತೆಳುವಾದ ಒಂದು ಗೆರೆಯ ಮೇಲೆ ಬಿತ್ತು. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ನೀವು ಓದಿದ್ದೀರಿ. ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಬಿಗಿಯಾಗಿ ಕಟ್ಟಿದ ಲಾಡಿಯಿಂದ, ಗಂಟಿನಿಂದ ಚರ್ಮ ಕಪ್ಪಾಗುವುದು, ವಾಸಿಯಾಗದ ಹುಣ್ಣಾಗುವುದು, ಬಲು ಅಪರೂಪಕ್ಕೆ ಅದು ಕ್ಯಾನ್ಸರಿಗೆ ತಿರುಗುವುದು ನಮ್ಮ ದೇಶದ ವೈದ್ಯರ ವರದಿಗಳಲ್ಲಿದೆ. ಮನೆಯಲ್ಲಿ ತಾಯಿಗೋ ಅಜ್ಜಿಗೋ ಸೊಂಟದಲ್ಲಿ ಅಂಥ ಗಾಯವಿದ್ದರೆ ನಾಚಿಕೆಪಟ್ಟು ಸುಮ್ಮನಿರದೆ ವೈದ್ಯರಿಗೆ ತೋರಿಸುವಂತೆ ಹೇಳಿ. ಅಗಲವಾದ ಪಟ್ಟಿ, ಸಡಿಲವಾದ ಕಟ್ಟು ಇದಕ್ಕೆ ಮುಂಜಾಗ್ರತೆ.

ಯಂತ್ರಗಳ ಕಾಲದಲ್ಲಿ ಇನ್ನೊಂದು ಅಪಾಯ ಸೇರಿತು. ತಿರುಗುವ ಗಾಲಿ ಸಡಿಲ ಬಟ್ಟೆಯನ್ನು ಕ್ಷಣಾರ್ಧದಲ್ಲಿ ಎಳೆದುಕೊಳ್ಳುತ್ತದೆ. ಹಿಟ್ಟಿನ ಗಿರಣಿಯ ಪಟ್ಟಾ, ಮೇವು ಕತ್ತರಿಸುವ ಯಂತ್ರ, ಮೋಟಾರ್ ಸೈಕಲ್ಲಿನ ಹಿಂಗಾಲಿ ಎಲ್ಲವೂ ಹೀಗೆಯೇ. ಆಯ್ಲರ್ ಹೇಳಿದ ಸುತ್ತಿನ ಗಣಿತ ಇಲ್ಲಿ ನಮಗೆ ವೈರಿಯಾಗುತ್ತದೆ. ಭಾರತದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂದೆ ಕುಳಿತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗಕ್ಕೆ ರಕ್ಷಣೆ ಇರಬೇಕೆಂದು ವಿಧಿಸುತ್ತವೆ. ಜನ ಇದನ್ನು ಸೀರೆ ಗಾರ್ಡ್ ಎನ್ನುತ್ತಾರೆ. ಉಡುಗೆಗಾಗಿ ಯಂತ್ರವೇ ಬದಲಾದ ಉದಾಹರಣೆ ಇದು.

ಮಾಡಿ ನೋಡಿ

ಒಂದು ದುಂಡನೆಯ ಕೋಲನ್ನು ಅಡ್ಡಲಾಗಿ ಕಟ್ಟಿ. ಹತ್ತಿಯ ಲಾಡಿಯೊಂದನ್ನು ಅದರ ಮೇಲೆ ಹಾಕಿ, ಒಂದು ತುದಿಗೆ ಸಣ್ಣ ಕಲ್ಲು, ಇನ್ನೊಂದು ತುದಿಗೆ ಒಂದು ಡಬ್ಬಿ ಕಟ್ಟಿ. ಡಬ್ಬಿಗೆ ಮರಳು ತುಂಬುತ್ತ ಹೋಗಿ. ಲಾಡಿ ಯಾವಾಗ ಜಾರುತ್ತದೆ ಎಂದು ಬರೆದುಕೊಳ್ಳಿ. ಅನಂತರ ಲಾಡಿಯನ್ನು ಕೋಲಿಗೆ ಒಂದು ಸುತ್ತು, ಆಮೇಲೆ ಎರಡು ಸುತ್ತು ಹಾಕಿ ಅದನ್ನೇ ಮಾಡಿ. ಹತ್ತಿಯ ಬದಲು ನೈಲಾನ್ ಪಟ್ಟಿ ಹಾಕಿ ನೋಡಿ. ಒದ್ದೆ ಮಾಡಿ ನೋಡಿ. ಯಾವ ಬಟ್ಟೆ ಎಷ್ಟು ಭದ್ರ ಎಂಬುದು ನಿಮ್ಮ ಅಂಕಿಗಳಿಂದಲೇ ತಿಳಿಯುತ್ತದೆ.

ಆಮೇಲೆ ಒಂದು ಯೋಜನೆ ಕೈಗೊಳ್ಳಿ. ಮೈಮೇಲೆ ಭದ್ರವಾಗಿ ನಿಲ್ಲುವ ಸ್ನಾನದ ಬಟ್ಟೆಯೊಂದನ್ನು ವಿನ್ಯಾಸ ಮಾಡಿ. ಅದು ನೀರು ಹೀರಬೇಕು, ಬಗ್ಗಿದರೆ ಕಳಚಬಾರದು, ಮಳೆಗಾಲದಲ್ಲೂ ಬೇಗ ಒಣಗಬೇಕು, ಕಲ್ಲಿನ ಮೇಲೆ ಒಗೆದರೂ ಕೆಡಬಾರದು. ಒರೆಸುವ ಭಾಗ ಟರ್ಕಿ ನೇಯ್ಗೆ, ಸೊಂಟದ ಅಂಚು ತೆಳು ಸಾದಾ ನೇಯ್ಗೆ ಇರಬಹುದೇ? ಉಡುದಾರದಂತೆ ಹಿಡಿಯುವ ಪಟ್ಟಿ ಬೇರೆಯಾಗಿದ್ದರೆ ಹೇಗೆ? ಮುಪ್ಪಿನವರು, ಒಂದೇ ಕೈಯಲ್ಲಿ ಕೆಲಸ ಮಾಡಬೇಕಾದವರು, ಆಸ್ಪತ್ರೆಯಲ್ಲಿ ಬೇರೆಯವರಿಂದ ಸ್ನಾನ ಮಾಡಿಸಿಕೊಳ್ಳುವವರು ಇವರನ್ನು ನೆನಪಿನಲ್ಲಿಟ್ಟು ಯೋಚಿಸಿ. ಬಟ್ಟೆ ಜಾರಿದರೆ ಅವರಿಗೆ ಆಗುವ ಸಂಕೋಚ ನಮಗಿಂತ ದೊಡ್ಡದು.

ಆದರೆ ಕಾಗದದ ಮೇಲೆ ಗೆರೆ ಎಳೆಯುವ ಮೊದಲು, ನಿಮ್ಮ ಊರಿನಲ್ಲಿ ಕಚ್ಚೆ ಹಾಕಲು ಬಲ್ಲ ಹಿರಿಯರ ಬಳಿಗೆ ಹೋಗಿ, ‘ಅಜ್ಜಿ, ಇದನ್ನ ಹೆಂಗ ಉಡತೀರಿ, ನಮಗೂ ಕಲಸ್ರಿ’ ಎಂದು ಕೇಳಿ. ಯಾವ ಮಡಿಕೆ ಮೊದಲು, ಯಾವುದು ಅನಂತರ, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದನ್ನು ಹಂತ ಹಂತವಾಗಿ ಚಿತ್ರ ಬರೆದುಕೊಳ್ಳಿ. ಆಯ್ಲರ್, ಕ್ರಿಸ್ಟಿ, ಮೆಸ್ತ್ರಾಲ್ ಇವರ ಹೆಸರುಗಳು ಪುಸ್ತಕಗಳಲ್ಲಿ ಉಳಿದಿವೆ. ಕಚ್ಚೆಯನ್ನು ಮೊದಲು ಕಟ್ಟಿದವರ ಹೆಸರು ಎಲ್ಲಿಯೂ ಇಲ್ಲ. ಅವರ ವಿದ್ಯೆ ಇರುವುದು ಕಟ್ಟುವವರ ಕೈಯಲ್ಲಿ ಮಾತ್ರ. ಕಟ್ಟಬಲ್ಲ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದರಿಂದ ಈ ಕೆಲಸವನ್ನು ಬರುವ ಬೇಸಿಗೆ ರಜೆಯಲ್ಲಿಯೇ ಮಾಡುವುದು ಒಳ್ಳೆಯದು.

ಚರ್ಚೆಗೆ ಕೆಲವು ಪ್ರಶ್ನೆಗಳು

1. ಪ್ರತಿಮೆಯನ್ನು ಐತಿಹಾಸಿಕ ಸಾಕ್ಷಿಯಾಗಿ ಬಳಸುವಾಗ ಯಾವ ಎಚ್ಚರ ಬೇಕು? ನಿಮ್ಮ ಊರಿನ ಒಂದು ಪ್ರತಿಮೆಯನ್ನು ಉದಾಹರಣೆಯಾಗಿ ತೆಗೆದುಕೊಂಡು ಚರ್ಚಿಸಿ.

2. ಕಚ್ಚೆ ಸೀರೆಯಿಂದ ಆರು ವಾರದ ಸೀರೆಗೆ ಬಂದಾಗ ಹೆಂಗಸರಿಗೆ ದೊರೆತದ್ದೇನು, ತಪ್ಪಿದ್ದೇನು?

3. ನಿಮ್ಮ ಮನೆಯಲ್ಲಿರುವ ಒಂದು ಟವೆಲಿನ ಅಳತೆ ಮತ್ತು ಇಂಚಿಗೆ ಎಷ್ಟು ಎಳೆ ಎಂಬುದನ್ನು ಎಣಿಸಿ, ಅದರಲ್ಲಿರುವ ನೂಲಿನ ಉದ್ದವನ್ನು ಲೆಕ್ಕ ಹಾಕಿ. ಟರ್ಕಿ ಟವೆಲಾದರೆ ಕುಣಿಕೆಗಳ ನೂಲನ್ನು ಹೇಗೆ ಅಳೆಯುವಿರಿ?